ಹಿಟ್ಟಿನ ಕೋಳಿ, ಬಿಟ್ಟ ಮೀನು

ಹಿಡಿದ ಮೀನನ್ನು ಜೀವಂತವಾಗಿಯೇ ನೀರಿಗೆ ಮರಳಿ ಬಿಟ್ಟರೆ ಅದು ಅಹಿಂಸೆಯಾಗುತ್ತದೆಯೇ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಸಣ್ಣದು. ಆದರೆ ಹಿಂಸೆಯ ನೆಲೆ ಸತ್ತ ಪ್ರಾಣಿಯೋ, ಕೈಮಾಡಿದವನ ಮನಸ್ಸೋ, ಅವರಿಬ್ಬರ ನಡುವಣ ಸಂಬಂಧವೋ ಎಂಬ ಬಹು ಹಳೆಯ ಜಿಜ್ಞಾಸೆಯನ್ನು ಅದು ಮತ್ತೆ ಕೆದಕುತ್ತದೆ. ಹೊಟ್ಟೆಪಾಡಿಗಾಗಿ ಮೀನು ಹಿಡಿಯುವ ಕಡೆ ಈ ಪ್ರಶ್ನೆ ಹಸಿವಿನ ಮರೆಯಲ್ಲಿ ಅಡಗಿಬಿಡುತ್ತದೆ. ಹಸಿವಿನ ಮಾತೇ ಇಲ್ಲದ ಕಡೆ, ಅಂದರೆ ಸಾವಿರಾರು ಡಾಲರ್ ತೆತ್ತು, ಪುಟ್ಟ ವಿಮಾನವೇರಿ, ರಸ್ತೆಯಿಲ್ಲದ ಉತ್ತರದ ಸರೋವರವೊಂದಕ್ಕೆ ಹೋಗಿ, ದಿನವಿಡೀ ಗಾಳ ಹಾಕಿ, ಸಿಕ್ಕಿದ ದೊಡ್ಡ ಮೀನುಗಳನ್ನೆಲ್ಲ ಬಿಟ್ಟು ಬರಿಗೈಯಲ್ಲಿ ಹಿಂತಿರುಗುವ ಕಡೆ, ಅದು ಯಾವ ಮುಸುಕೂ ಇಲ್ಲದೆ ಎದುರಿಗೆ ಬಂದು ನಿಲ್ಲುತ್ತದೆ. ಕೆನಡಾದ ನಾರ್ತ್‌ವೆಸ್ಟ್ ಟೆರಿಟರೀಸ್ ಪ್ರದೇಶದ ಗ್ರೇಟ್ ಬೇರ್ ಸರೋವರ ಅಂಥ ಒಂದು ಸ್ಥಳ.

ಸುಮಾರು 31,000 ಚದರ ಕಿಲೋಮೀಟರ್ ಹರವಿನ, 446 ಮೀಟರ್‌ವರೆಗೂ ಆಳವಿರುವ ಈ ಸರೋವರ ಪೂರ್ತಿಯಾಗಿ ಕೆನಡಾದ ಗಡಿಯೊಳಗೇ ಇರುವ ಸರೋವರಗಳಲ್ಲಿ ಅತಿ ದೊಡ್ಡದು. ಆರ್ಕ್ಟಿಕ್ ವೃತ್ತ ಅದರ ಉತ್ತರ ಭಾಗವನ್ನು ಹಾದುಹೋಗುತ್ತದೆ, ವರ್ಷದ ಹೆಚ್ಚಿನ ತಿಂಗಳುಗಳಲ್ಲಿ ನೀರು ಹೆಪ್ಪುಗಟ್ಟಿರುತ್ತದೆ. ದಂಡೆಯ ಏಕೈಕ ಊರಾದ ಡೆಲಿನೆಗೆ ಚಳಿಗಾಲದಲ್ಲಿ ಹಿಮದ ಮೇಲೆ ಮಾಡಿಕೊಳ್ಳುವ ತಾತ್ಕಾಲಿಕ ರಸ್ತೆಯೊಂದನ್ನು ಬಿಟ್ಟರೆ ನೆಲದ ದಾರಿಯೇ ಇಲ್ಲ. ಬೇಸಿಗೆಯ ಕೆಲವೇ ವಾರ ತೆರೆದಿರುವ ಮೀನುಗಾರಿಕೆಯ ಲಾಡ್ಜ್‌ಗಳಿಗೆ ಅತಿಥಿಗಳು ಯೆಲ್ಲೊನೈಫ್ ನಗರದಿಂದ ವಿಮಾನದಲ್ಲಿ ಬರುತ್ತಾರೆ. ದೊಡ್ಡ ಲಾಡ್ಜ್‌ಗೆ ಜಲ್ಲಿ ಹಾಸಿದ ರನ್‌ವೇ ಇದ್ದರೂ ಅಲ್ಲಿಂದಾಚೆಯ ನದಿಮುಖ, ಕೊಲ್ಲಿಗಳಿಗೆ ಹೋಗಬೇಕಾದರೆ ಫ್ಲೋಟ್ ವಿಮಾನವೇ ಗತಿ. ಚಕ್ರಗಳ ಜಾಗದಲ್ಲಿ ದೋಣಿಯಾಕಾರದ ಎರಡು ಟೊಳ್ಳು ಪಾದಗಳನ್ನು ಕಟ್ಟಿಕೊಂಡು ನೀರಿನ ಮೇಲೆಯೇ ಇಳಿಯುವ, ನೀರಿನಿಂದಲೇ ಏಳುವ ವಿಮಾನಕ್ಕೆ ಆ ಹೆಸರು. ಈ ಕೆಲಸಕ್ಕೆಂದೇ ಹುಟ್ಟಿದಂತಿರುವ ಬೀವರ್ ಎಂಬ ವಿಮಾನ 1947ರ ಆಗಸ್ಟ್ 16ರಂದು ಮೊದಲ ಬಾರಿ ಹಾರಿತು. ಅದನ್ನು ತಯಾರಿಸಿದ ಡಿ ಹ್ಯಾವಿಲ್ಯಾಂಡ್ ಕೆನಡಾ ಕಂಪನಿ ಉತ್ತರದ ಕಾಡುಗಳಲ್ಲಿ ಹಾರುತ್ತಿದ್ದ ಪೈಲಟ್‌ಗಳ ಸಲಹೆ ಕೇಳಿಯೇ ಅದಕ್ಕೆ ರೂಪ ಕೊಟ್ಟದ್ದರಿಂದ, ಎಣ್ಣೆಯ ಪೀಪಾಯಿ ಉರುಳಿಸಬಲ್ಲಷ್ಟು ಅಗಲದ ಬಾಗಿಲು, ಹಾರುತ್ತಿರುವಾಗಲೇ ಒಳಗಿನಿಂದ ಎಂಜಿನ್ನಿಗೆ ಆಯಿಲ್ ಸುರಿಯಬಹುದಾದ ಬಾಯಿ, 450 ಅಶ್ವಶಕ್ತಿಯ ಎಂಜಿನ್ ಎಲ್ಲವೂ ಅದರಲ್ಲಿ ಒಂದಾದವು. 1967ರಲ್ಲಿ ತಯಾರಿಕೆ ನಿಂತಿದ್ದರೂ ಬೀವರ್‌ಗಳು ಇನ್ನೂ ಹಾರುತ್ತಲೇ ಇವೆ.

ಇಂಥ ವಿಮಾನದ ಪೈಲಟ್‌ನ ದಿನ ಕೈಪಂಪಿನಿಂದ ಆರಂಭವಾಗುತ್ತದೆ. ಫ್ಲೋಟಿನ ಒಳಗೆ ಹಲವು ಕೋಣೆಗಳಿದ್ದು, ಪ್ರತಿಯೊಂದರ ಬಾಯಿಗೂ ರಬ್ಬರ್ ಚೆಂಡಿನಂಥ ಬೆಣೆ ಇರುತ್ತದೆ. ಅದನ್ನು ಒಂದೊಂದಾಗಿ ಕಿತ್ತು, ರಾತ್ರಿಯಿಡೀ ಒಸರಿ ಸೇರಿದ ನೀರನ್ನು ಹೊರಹಾಕಿ, ಮತ್ತೆ ಬೆಣೆ ಬಡಿಯದೆ ಎಚ್ಚರವುಳ್ಳ ಯಾವ ಪೈಲಟ್ಟೂ ಹಗ್ಗ ಬಿಚ್ಚುವುದಿಲ್ಲ, ಏಕೆಂದರೆ ಕಾಣದೆ ಉಳಿದ ಕೆಲವು ಕೊಡ ನೀರು ಏಳುವ ಹೊತ್ತಿಗೆ ವಿಮಾನದ ತೂಕವನ್ನೂ ಸಮತೋಲವನ್ನೂ ಕೆಡಿಸಬಲ್ಲದು. ಇಳಿಯುವ ಮೊದಲು ಸರೋವರದ ಮೇಲೊಂದು ಸುತ್ತು ಹೊಡೆದು ಮುಳುಗಿದ ಬಂಡೆ, ತೇಲುವ ದಿಮ್ಮಿ, ದೋಣಿ ಇವೆಯೇ ಎಂದು ನೋಡಬೇಕು. ಎಲ್ಲಕ್ಕಿಂತ ಕಷ್ಟದ್ದು ಗಾಳಿಯೇ ಇಲ್ಲದ ದಿನ. ನೀರು ಕನ್ನಡಿಯಾಗಿಬಿಟ್ಟರೆ ಕಣ್ಣಿಗೆ ನೀರಿನ ಮೇಲ್ಮೈ ಕಾಣದು, ಅದರಲ್ಲಿ ಬಿದ್ದ ಆಕಾಶವೋ ಕೆಳಗಿನ ತಳವೋ ಕಾಣುತ್ತದೆ. ಎತ್ತರದ ಅಂದಾಜು ಪೂರ್ತಿ ತಪ್ಪುತ್ತದೆ. ಆಗ ಪೈಲಟ್ ದಂಡೆಗೆ ಸಮಾನಾಂತರವಾಗಿ ಬಂದು, ಮೂತಿಯನ್ನು ತುಸು ಎತ್ತಿ ಹಿಡಿದು, ನಿಮಿಷಕ್ಕೆ ಸುಮಾರು 150 ಅಡಿಯಂತೆ ನಿಧಾನವಾಗಿ ಇಳಿಯುತ್ತ, ಈಗ ಮುಟ್ಟಿತು ಎಂದು ಹೇಳುವ ತನ್ನ ಕಣ್ಣನ್ನು ನಂಬದೆ, ಫ್ಲೋಟು ನಿಜವಾಗಿ ನೀರನ್ನು ಮುಟ್ಟುವವರೆಗೂ ಕಾಯುತ್ತಾನೆ. ಈ ಎಚ್ಚರದ ವಿವರ ಮುಂದಿನ ಚರ್ಚೆಗೆ ಬೇಕಾದದ್ದರಿಂದ ಇಷ್ಟು ವಿಸ್ತರಿಸಬೇಕಾಯಿತು.

ಅಲ್ಲಿಗೆ ಹೋಗುವವರ ಮುಖ್ಯ ಗುರಿ ಲೇಕ್ ಟ್ರೌಟ್ ಎಂಬ ಮೀನು. 1995ರಲ್ಲಿ ಈ ಸರೋವರದಲ್ಲಿ ಗಾಳಕ್ಕೆ ಸಿಕ್ಕ 72 ಪೌಂಡಿನ, ಎಂದರೆ 32 ಕಿಲೋಗ್ರಾಂ ಮೀರಿದ ಮೀನು ಆ ಜಾತಿಯ ವಿಶ್ವದಾಖಲೆಯಾಯಿತು. ತಣ್ಣನೆಯ, ಆಹಾರ ವಿರಳವಾದ ನೀರಿನಲ್ಲಿ ಈ ಮೀನು ಬಹಳ ನಿಧಾನವಾಗಿ ಬೆಳೆಯುತ್ತದೆ, ತಡವಾಗಿ ಮರಿ ಮಾಡುತ್ತದೆ. ಕೆಲವು 50 ವರ್ಷ ದಾಟಿದವು. ಆದ್ದರಿಂದ ದೊಡ್ಡ ಮೀನನ್ನು ಬಿಡಬೇಕು, ಮಧ್ಯಾಹ್ನ ದಂಡೆಯಲ್ಲಿ ಬೆಂಕಿ ಹೊತ್ತಿಸಿ ಕರಿದು ತಿನ್ನಲು ಒಂದೆರಡು ಸಣ್ಣದನ್ನು ಮಾತ್ರ ಇಟ್ಟುಕೊಳ್ಳಬೇಕು ಎಂಬುದು ರೂಢಿ. ಬಿಡುವ ಕ್ರಮವೂ ಒಂದು ವಿಧಿಯೇ. ದಣಿದ ಮೀನನ್ನು ಬಲೆಚೀಲದಲ್ಲಿ ನೀರಿನೊಳಗೇ ಹಿಡಿದು, ಇಕ್ಕಳದಿಂದ ಗಾಳ ಬಿಡಿಸಿ, ಒಂದು ಚಿತ್ರ ತೆಗೆಯುವಷ್ಟು ಹೊತ್ತು ಮೇಲೆತ್ತಿ, ಮತ್ತೆ ನೀರಿಗಿಳಿಸಿ, ಬಾಲದ ಬುಡ ಹಿಡಿದು ನೆಟ್ಟಗೆ ನಿಲ್ಲಿಸಿ, ಕಿವಿರು ಸಲೀಸಾಗಿ ಆಡತೊಡಗಿ ಅದು ತಾನಾಗಿ ಕೊಸರಿಕೊಂಡು ಹೋಗುವವರೆಗೆ ಗೈಡ್ ಕಾಯುತ್ತಾನೆ. ಹಿಡಿದವನ ಮುಖದಲ್ಲಿ ಆಗ ಮೂಡುವ ಧನ್ಯತೆ ಸುಳ್ಳಲ್ಲ. ಆದರೆ ಆ ಧನ್ಯತೆಗೆ ದಯೆ ಎಂಬ ಹೆಸರು ಸಲ್ಲುತ್ತದೆಯೇ ಎಂಬುದೇ ಪ್ರಶ್ನೆ.

ಬಿಡುವಿಕೆಯ ಪರವಾದ ವಾದ ಪರಿಣಾಮವನ್ನು ನೋಡುವ ವಾದ: ಮೀನು ಬದುಕಿತು, ಸಂತತಿ ಉಳಿಯಿತು, ಮುಂದಿನವರಿಗೂ ಸರೋವರ ಉಳಿಯಿತು. ಇದನ್ನು ತಳ್ಳಿಹಾಕುವಂತಿಲ್ಲ, ಬಿಡುವ ಪದ್ಧತಿ ಬರದಿದ್ದರೆ ನಿಧಾನವಾಗಿ ಬೆಳೆಯುವ ಈ ಮೀನುಗಳು ಕೆಲವೇ ದಶಕಗಳಲ್ಲಿ ಬರಿದಾಗಬಹುದಿತ್ತು. ಆದರೆ ಹಸು ಬತ್ತದಂತೆ ಹಾಲು ಕರೆಯುವವನ ಜಾಣತನ ಹಸುವಿನ ಮೇಲಿನ ಕರುಣೆಯೇ ಆಗಿರಬೇಕಿಲ್ಲ. ಜೊತೆಗೆ, ಮೀನಿಗೆ ನೋವೇ ಆಗದು ಎಂಬ ಹಳೆಯ ಸಮಾಧಾನವೂ ಈಗ ಸಡಿಲವಾಗಿದೆ. ರೇನ್‌ಬೋ ಟ್ರೌಟ್ ಮೀನಿನ ತಲೆಯ ಭಾಗದಲ್ಲಿ ನೋವುಂಟುಮಾಡುವ ಪ್ರಚೋದನೆಗೆ ಸ್ಪಂದಿಸುವ ನರತುದಿಗಳಿವೆ ಎಂದು ಲಿನ್ ಸ್ನೆಡನ್ ಮತ್ತು ಸಂಗಡಿಗರು 2003ರಲ್ಲಿ ತೋರಿಸಿದರು. ಅದಕ್ಕೂ ವಿಚಿತ್ರವಾದದ್ದು ಸ್ವಿಟ್ಜರ್ಲೆಂಡಿನ 2008ರ ಪ್ರಾಣಿರಕ್ಷಣೆಯ ನಿಯಮಾವಳಿ: ಬಿಟ್ಟುಬಿಡುವ ಉದ್ದೇಶವಿಟ್ಟುಕೊಂಡೇ ಮೀನು ಹಿಡಿಯುವುದನ್ನು ಅದು ನಿಷೇಧಿಸುತ್ತದೆ. ತಿನ್ನಲು ಹಿಡಿದರೆ ಅಡ್ಡಿಯಿಲ್ಲ, ಬಿಡಲೆಂದೇ ಹಿಡಿದರೆ ತಪ್ಪು! ಪರಿಣಾಮವನ್ನಷ್ಟೇ ಅಳೆಯುವವರಿಗೆ ಒಗಟಾಗುವ ಈ ನಿಯಮ ಜೈನ ಶಾಸ್ತ್ರ ಓದಿದವರಿಗೆ ಪರಿಚಿತ ಧ್ವನಿಯಾಗಿಯೇ ಕೇಳುತ್ತದೆ.

ತತ್ತ್ವಾರ್ಥಸೂತ್ರ ಹಿಂಸೆಗೆ ಕೊಡುವ ಲಕ್ಷಣದಲ್ಲಿ ಎರಡು ಅಂಶಗಳಿವೆ. ಪ್ರಾಣಗಳನ್ನು ಬೇರ್ಪಡಿಸುವುದು ಒಂದು. ಆ ಕೃತ್ಯ ‘ಪ್ರಮತ್ತಯೋಗ’ದಿಂದ, ಎಂದರೆ ರಾಗದ್ವೇಷಗಳಿಂದ ಮಂಕಾದ, ಎಚ್ಚರ ತಪ್ಪಿದ ಮನಸ್ಸು, ಮಾತು, ದೇಹಗಳ ವ್ಯಾಪಾರದಿಂದ ಆಗಿರುವುದು ಇನ್ನೊಂದು. ಪ್ರಾಣ ಎಂದರೆ ಇಲ್ಲಿ ಉಸಿರು ಮಾತ್ರವಲ್ಲ. ಇಂದ್ರಿಯಗಳು, ಬಲಗಳು, ಆಯುಷ್ಯ, ಉಸಿರಾಟ ಸೇರಿ ಹತ್ತು ಪ್ರಾಣಗಳ ಎಣಿಕೆಯಿದೆ, ಮೀನನ್ನು ಐದೂ ಇಂದ್ರಿಯಗಳುಳ್ಳ ಜೀವಗಳ ಸಾಲಿನಲ್ಲೇ ಇರಿಸಲಾಗಿದೆ. ಈ ಸೂತ್ರಕ್ಕೆ ಕರ್ನಾಟಕದ ಪೂಜ್ಯಪಾದರು ಬರೆದ ‘ಸರ್ವಾರ್ಥಸಿದ್ಧಿ’ ವ್ಯಾಖ್ಯಾನ, ನೆಲ ನೋಡಿಕೊಂಡು ಎಚ್ಚರದಿಂದ ಹೆಜ್ಜೆಯಿಡುವ ಮುನಿಯ ಕಾಲಡಿ ಹುಳುವೊಂದು ಬಂದು ಸತ್ತರೂ ಅವನಿಗೆ ಕರ್ಮಬಂಧವಿಲ್ಲ ಎನ್ನುತ್ತದೆ. ಆ ಎಚ್ಚರದ ನಡಿಗೆಗೆ ಈರ್ಯಾಸಮಿತಿ ಎಂದು ಹೆಸರು. ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ ನಡೆಯುವುದು ಅದರ ಕ್ರಮ. ಇಳಿಯುವ ಮೊದಲು ಸರೋವರವನ್ನೊಮ್ಮೆ ಸುತ್ತಿ ನೋಡುವ, ಕನ್ನಡಿನೀರಿನ ಮೇಲೆ ತನ್ನ ಕಣ್ಣನ್ನೇ ಸಂಶಯಿಸುವ ಪೈಲಟ್‌ನ ನಡೆಗೂ ಇದಕ್ಕೂ ಇರುವ ಹೋಲಿಕೆ ಹೊರಮೈಯದಷ್ಟೇ ಇರಬಹುದು, ಒಂದು ಮುಕ್ತಿಗಾಗಿ, ಇನ್ನೊಂದು ಜೀವ ಉಳಿಸಿಕೊಳ್ಳುವುದಕ್ಕಾಗಿ. ಆದರೂ ಅಪ್ರಮಾದ ಎಂದರೇನು ಎಂದು ಇಂದಿನ ಓದುಗರಿಗೆ ತೋರಿಸಲು ಅದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ.

ಎಚ್ಚರ ಮತ್ತು ಏಕಾಗ್ರತೆ ಗಾಳ ಹಿಡಿದವನಲ್ಲೂ ಇವೆಯಲ್ಲ ಎಂಬ ಆಕ್ಷೇಪ ಇಲ್ಲಿ ಏಳುತ್ತದೆ. ಗಾಳ ಹಾಕುವುದು ಧ್ಯಾನಶೀಲರ ವಿನೋದ ಎಂಬ ಭಾವನೆ ಇಂಗ್ಲಿಷ್ ಓದುಗರಲ್ಲಿ 1653ರ ಐಸಾಕ್ ವಾಲ್ಟನ್‌ನ ಪುಸ್ತಕದಿಂದೀಚೆಗೆ ಬೇರೂರಿದೆ, ಲಾಡ್ಜ್‌ಗೆ ಹೋಗಿ ಬಂದವರು ಅಲ್ಲಿನ ಮೌನವನ್ನು ತಪಸ್ಸಿನ ಮಾತುಗಳಲ್ಲಿ ಬಣ್ಣಿಸುವುದೂ ಉಂಟು. ಜೈನರು ಈ ಮಾತಿಗೆ ಮರುಳಾಗುವವರಲ್ಲ. ಅವರ ಪ್ರಕಾರ ಏಕಾಗ್ರತೆ ತಾನಾಗಿ ಪವಿತ್ರವಲ್ಲ. ಧ್ಯಾನದಲ್ಲಿ ಆರ್ತ, ರೌದ್ರ, ಧರ್ಮ, ಶುಕ್ಲ ಎಂಬ ನಾಲ್ಕು ಬಗೆಗಳಿದ್ದು, ಹಿಂಸೆಯಲ್ಲಿ ಸುಖ ಕಾಣುತ್ತ ಅದರಲ್ಲೇ ನೆಟ್ಟ ಮನಸ್ಸು ರೌದ್ರಧ್ಯಾನದ್ದು. 959ರಲ್ಲಿ, ಪಂಪನ ಆಶ್ರಯದಾತನಾದ ಅರಿಕೇಸರಿಯ ಮಗನ ಆಳ್ವಿಕೆಯಲ್ಲಿ ‘ಯಶಸ್ತಿಲಕ’ ಚಂಪುವನ್ನು ಮುಗಿಸಿದ ಸೋಮದೇವಸೂರಿ ಇದನ್ನು ಬೆಸ್ತ ಮತ್ತು ಬೇಸಾಯಗಾರರ ಹೋಲಿಕೆಯಿಂದ ಹೇಳುತ್ತಾನೆ. ನೇಗಿಲು ಹೂಡಿದವನು ಎಷ್ಟೋ ಹುಳುಗಳನ್ನು ಕೊಂದರೂ ಅವನ ಮನಸ್ಸು ಬೆಳೆಯ ಮೇಲಿದೆ. ಬೆಸ್ತನು ಒಂದು ಮೀನನ್ನೂ ಕೊಲ್ಲದೆ ಕುಳಿತಿದ್ದರೂ ಅವನ ಮನಸ್ಸು ಮೀನಿನ ಮೇಲಿದೆ. ಪಾಪದ ಲೆಕ್ಕ ಈ ಮನೋಭಾವವನ್ನು ಅನುಸರಿಸುತ್ತದೆ ಎಂಬುದು ಅವನ ನಿಲುವು. ಹೊಟ್ಟೆಪಾಡಿನ ಬೆಸ್ತನಿಗೆ ಇದು ಕ್ರೂರವಾದ ತೀರ್ಪು ಎಂದು ಹೇಳಲೇಬೇಕು. ಹಸಿವಿಲ್ಲದೆ ಗಾಳ ಹಿಡಿದವನಿಗಾದರೋ ಅದು ಅಳತೆ ತೆಗೆದು ಹೊಲಿದಂತೆ ಹೊಂದುತ್ತದೆ.

ಕನ್ನಡದ ಓದುಗರಿಗೆ ಈ ವಿಚಾರ ಹೆಚ್ಚು ಹತ್ತಿರವಾದದ್ದು ಜನ್ನನಿಂದ. 1209ರ ‘ಯಶೋಧರ ಚರಿತೆ’ಯಲ್ಲಿ, ದುಃಸ್ವಪ್ನದ ಶಾಂತಿಗೆ ಪ್ರಾಣಿಬಲಿ ಕೊಡಬೇಕೆಂದು ತಾಯಿ ಚಂದ್ರಮತಿ ಹಟ ಹಿಡಿದಾಗ, ಜೀವವನ್ನು ಕೊಲ್ಲಲೊಲ್ಲದ ಯಶೋಧರ ಹಿಟ್ಟಿನಿಂದ ಮಾಡಿದ ಕೋಳಿಯನ್ನು ಚಂಡಮಾರಿಗೆ ಬಲಿ ಕೊಡುತ್ತಾನೆ. ಕತ್ತಿ ಬಿದ್ದಾಗ ಆ ಹಿಟ್ಟು ಕೂಗುತ್ತದೆ. ಜೀವ ಹೋಗದಿದ್ದರೂ ಕಡಿಯುವ ಸಂಕಲ್ಪವಿತ್ತು. ಆ ಸಂಕಲ್ಪಹಿಂಸೆಯ ಫಲವಾಗಿ ತಾಯಿ ಮಗ ಇಬ್ಬರೂ ಪ್ರಾಣಿಗಳ ಜನ್ಮಜನ್ಮಾಂತರಗಳಲ್ಲಿ ತೊಳಲುತ್ತಾರೆ, ಅವುಗಳಲ್ಲೊಂದರಲ್ಲಿ ಯಶೋಧರ ಮೀನಾಗಿಯೇ ಹುಟ್ಟಿ, ಹಿಡಿಯಲ್ಪಟ್ಟು, ಊಟದ ಪದಾರ್ಥವಾಗುತ್ತಾನೆ. ಬಿಟ್ಟ ಮೀನು ಒಂದರ್ಥದಲ್ಲಿ ಈ ಹಿಟ್ಟಿನ ಕೋಳಿಯ ತಿರುವುಮುರುವಾದ ರೂಪ. ಅಲ್ಲಿ ಜೀವವಿಲ್ಲದ ವಸ್ತುವಿನ ಮೇಲೆ ಕೊಲೆಯ ಸಂಕಲ್ಪ. ಇಲ್ಲಿ ಕೊಲೆಯ ಸಂಕಲ್ಪವಿಲ್ಲದೆ ಜೀವದ ಮೇಲೆಯೇ ಬೇಟೆಯ ಅಭಿನಯ. ಎರಡು ಕಡೆಯೂ ವಿಧಿ ಪೂರ್ತಿ ನಡೆಯುತ್ತದೆ, ಸಾವನ್ನು ಮಾತ್ರ ಕಳೆಯಲಾಗಿದೆ. ಸಾವನ್ನು ಕಳೆದ ಮಾತ್ರಕ್ಕೆ ಲೆಕ್ಕ ಸೊನ್ನೆಯಾಗುವುದಿಲ್ಲ ಎಂಬುದೇ ಜನ್ನನ ಕಥೆಯ ಬೆನ್ನೆಲುಬು. ಕೂಗಲು ಬಾಯಿಲ್ಲದ ಹಿಟ್ಟೇ ಕೂಗಿದ ಮೇಲೆ, ಗಾಳ ಸಿಕ್ಕಿದ ಬಾಯಿಯ ಮಾತೇನು?

ಹಾಗೆಂದು ಬಿಡುವುದೆಲ್ಲ ಅಭಿನಯವೆಂದು ತೀರ್ಮಾನಿಸಿದರೆ ಅದೇ ‘ಯಶಸ್ತಿಲಕ’ದಲ್ಲಿ ಬರುವ ಮೃಗಸೇನನ ಕಥೆ ತಡೆಯುತ್ತದೆ. ಸಿಪ್ರಾ ನದಿಯ ಬೆಸ್ತನಾದ ಈತನಿಗೆ ಕಸುಬು ಬಿಡು ಎಂದರೆ ಆಗದೆಂದು ತಿಳಿದ ಮುನಿಯೊಬ್ಬನು, ಬಲೆಗೆ ಮೊದಲು ಬಿದ್ದ ಮೀನನ್ನು ಮಾತ್ರ ಕೊಲ್ಲಬೇಡ ಎಂಬಷ್ಟೇ ವ್ರತ ಕೊಡುತ್ತಾನೆ. ಮೊದಲು ಬಿದ್ದ ದೊಡ್ಡ ಮೀನಿಗೆ ಬಟ್ಟೆಯ ಚೂರೊಂದನ್ನು ಗುರುತಿಗೆ ಕಟ್ಟಿ ಅವನು ಬಿಡುತ್ತಾನೆ. ಆ ದಿನ ಐದು ಸಲವೂ ಬಲೆಗೆ ಬೀಳುವುದು ಅದೇ ಮೀನು, ಐದು ಸಲವೂ ಅವನು ಅದನ್ನು ಬಿಡುತ್ತಾನೆ. ಬರಿಗೈಯಲ್ಲಿ ಬಂದ ಗಂಡನಿಗೆ ಹೆಂಡತಿ ಕದ ಹಾಕಿಕೊಳ್ಳುತ್ತಾಳೆ. ಹೊರಗೆ ಮಲಗಿದವನು ಹಾವು ಕಚ್ಚಿ ಸಾಯುತ್ತಾನೆ. ಮರುಜನ್ಮದಲ್ಲಿ ಐದು ಸಲ ಸಾವಿನಿಂದ ಪಾರಾಗುತ್ತಾನೆ. ಹೊರಗಿನಿಂದ ನೋಡಿದರೆ ಮೃಗಸೇನ ಮಾಡಿದ್ದೂ ಲಾಡ್ಜ್‌ನ ಅತಿಥಿ ಮಾಡುವುದೂ ಒಂದೇ. ಆದರೆ ಒಬ್ಬನು ಬಿಟ್ಟದ್ದು ತನ್ನ ರಾತ್ರಿಯ ಅನ್ನವನ್ನು, ಮನೆಯ ಬಾಗಿಲನ್ನು, ಕೊನೆಗೆ ಜೀವವನ್ನು. ಇನ್ನೊಬ್ಬನಿಗೆ ಬಿಡುವುದೇ ನಾಳೆಯ ಆಟ ಉಳಿಯಲು ಬೇಕಾದ ಏರ್ಪಾಟು. ವಿಷಯವನ್ನು ಬಿಟ್ಟರೂ ಅದರ ರುಚಿ ಒಳಗೆ ಉಳಿಯುತ್ತದೆಂದು ಭಗವದ್ಗೀತೆಯ ಎರಡನೆಯ ಅಧ್ಯಾಯ ಎಚ್ಚರಿಸುವುದು ಇಂಥ ತ್ಯಾಗವನ್ನು ಕುರಿತೇ. ಮೀನನ್ನು ಬಿಟ್ಟವನು ಫಲವನ್ನು ಬಿಟ್ಟಿದ್ದಾನೆ ನಿಜ, ಆದರೆ ಅವನು ಬಯಸಿದ್ದ ಫಲ ಮೀನಾಗಿರಲಿಲ್ಲ. ಗಾಳ ಜಗ್ಗಿದ ಆ ಗಳಿಗೆಯಾಗಿತ್ತು, ಅದನ್ನು ಅವನು ಪೂರ್ತಿಯಾಗಿ ಉಂಡಿದ್ದಾನೆ.

ಗ್ರೇಟ್ ಬೇರ್ ಸರೋವರಕ್ಕೆ ಅದರದೇ ಧರ್ಮಶಾಸ್ತ್ರವೂ ಇದೆ. ಡೆಲಿನೆ ಊರಿನ ಡೆನೆ ಜನರು ಈ ಸರೋವರವನ್ನು ಸಾಹ್ತು ಎಂದು ಕರೆಯುತ್ತಾರೆ. ಸರೋವರದ ಸುತ್ತಲ ಪ್ರದೇಶ 2016ರಲ್ಲಿ ಯುನೆಸ್ಕೊದ ಜೀವಗೋಲ ಮೀಸಲು ಪ್ರದೇಶವಾಯಿತು. ಅವರ ಹಿರಿಯರ ಕಥೆಯೊಂದರಲ್ಲಿ, ಮೀನೊಂದು ಗಾಳವನ್ನು ಕಿತ್ತುಕೊಂಡು ಹೋದಾಗ ಮೀನುಗಾರನೊಬ್ಬ ಬರ್ಬಟ್ ಎಂಬ ಮೀನಿನ ದೇಹ ಹೊಕ್ಕು, ಆಳದಿಂದ ಕೇಳುವ ಗುಡುಗುಡು ಸದ್ದಿನ ಜಾಡು ಹಿಡಿದು ಹೋಗುತ್ತಾನೆ. ಅಲ್ಲಿ ಸರೋವರದ ನಡುವೆ ಮಿಡಿಯುವ ಮಹಾಹೃದಯವೊಂದನ್ನೂ, ಅದರತ್ತ ಮುಖಮಾಡಿ ಅದನ್ನು ಕಾಯುತ್ತ ನಿಂತ ಎಲ್ಲ ಜಾತಿಯ ಮೀನುಗಳನ್ನೂ ಕಾಣುತ್ತಾನೆ. ನೀರಿಗೂ ನೆಲಕ್ಕೂ ಜೀವ ಕೊಡುವುದು ಆ ಹೃದಯವೇ. ಇಂಥ ಲೋಕದಲ್ಲಿ ಮೀನು ತನ್ನನ್ನು ತಾನೇ ಮನುಷ್ಯನಿಗೆ ಕೊಡುತ್ತದೆ. ಕೊಟ್ಟದ್ದನ್ನು ಕೊಂದು, ಹಾಳುಮಾಡದೆ ಉಂಡು, ಹಂಚಿಕೊಳ್ಳುವುದು ಅದಕ್ಕೆ ತೋರುವ ಮರ್ಯಾದೆ. ಹಿಡಿದು ಬಿಡುವುದನ್ನು ಡೆನೆ ಹಿರಿಯರಲ್ಲಿ ಅನೇಕರು ‘ಮೀನಿನ ಜೊತೆ ಆಟವಾಡುವುದು’ ಎನ್ನುತ್ತಾರೆ, ಆ ಮಾತಿನಲ್ಲಿ ಮೆಚ್ಚುಗೆಯಿಲ್ಲ. ನಮ್ಮಲ್ಲಿ ಬಾಗಿಲಿಗೆ ಬಂದ ಪ್ರಸಾದವನ್ನು ಮೂಸಿ ನೋಡಿ ವಾಪಸು ಕಳಿಸಿದಂತೆ ಅದು. ಅದೇ ಸಮುದಾಯದವರು ಲಾಡ್ಜ್‌ಗಳಲ್ಲಿ ಗೈಡ್‌ಗಳಾಗಿ ದುಡಿಯುವುದೂ ಉಂಟು. ಸಂಬಳವೂ ಸಂಕೋಚವೂ ಒಂದೇ ದೋಣಿಯಲ್ಲಿ ಕೂರುವುದು ಲೋಕದಲ್ಲಿ ಹೊಸದೇನಲ್ಲ.

ಜೈನ ಮತ್ತು ಡೆನೆ ದೃಷ್ಟಿಗಳು ಹೀಗೆ ಒಂದೇ ಕೃತ್ಯವನ್ನು ಅಲ್ಲಗಳೆದರೂ ಅವುಗಳನ್ನು ಒಂದೇ ಎಂದುಕೊಳ್ಳುವುದು ಅವಸರವಾದೀತು. ಡೆನೆ ಹಿರಿಯ ಮೆಚ್ಚುವ ಊಟ ಜೈನ ಮುನಿಗೆ ಪಂಚೇಂದ್ರಿಯ ಜೀವದ ವಧೆ; ಮುನಿ ಮೆಚ್ಚುವ ವರ್ಜನೆ ಆ ಹಿರಿಯನಿಗೆ ಸಂಬಂಧವನ್ನೇ ಕಡಿದುಕೊಳ್ಳುವ ಅಹಂಕಾರದಂತೆ ಕಂಡೀತು. ಒಬ್ಬರಿಗೆ ಹಿಂಸೆಯ ನೆಲೆ ಮಾಡುವವನ ಆತ್ಮ, ಇನ್ನೊಬ್ಬರಿಗೆ ಇಬ್ಬರ ನಡುವಣ ಮರ್ಯಾದೆ. ಮನೋಭಾವವನ್ನೇ ಅಳತೆಗೋಲಾಗಿ ಹಿಡಿದವರಿಗೆ ಈ ಸರೋವರದ ಇನ್ನೊಂದು ಇತಿಹಾಸ ದೊಡ್ಡ ತೊಡಕು. 1930ರಲ್ಲಿ ಇದರ ಪೂರ್ವ ದಂಡೆಯಲ್ಲಿ ಗಿಲ್ಬರ್ಟ್ ಲಬೀನ್ ಎಂಬಾತ ರೇಡಿಯಂ ಮತ್ತು ಯುರೇನಿಯಂ ಅದಿರನ್ನು ಕಂಡುಹಿಡಿದ. ಪೋರ್ಟ್ ರೇಡಿಯಂ ಎಂದು ಹೆಸರಾದ ಆ ಗಣಿಯ ಅದಿರಿನ ಮೂಟೆಗಳನ್ನು ಡೆನೆ ಗಂಡಸರು ಹೊತ್ತರು. ಎರಡನೆಯ ಮಹಾಯುದ್ಧದಲ್ಲಿ ಅಣುಬಾಂಬಿನ ಯೋಜನೆಗೆ ಹೋದ ಯುರೇನಿಯಂನಲ್ಲಿ ಅಲ್ಲಿನ ಪಾಲೂ ಇತ್ತು. ಹೊತ್ತವರಿಗೆ ಅದೇನೆಂದೇ ಗೊತ್ತಿರಲಿಲ್ಲ. ಆದರೂ 1998ರಲ್ಲಿ ಡೆಲಿನೆಯ ನಿಯೋಗವೊಂದು ಹಿರೋಶಿಮಾಕ್ಕೆ ಹೋಗಿ ತನ್ನ ದುಃಖವನ್ನು ಅರಿಕೆ ಮಾಡಿಕೊಂಡಿತು. ಸಂಕಲ್ಪವಿಲ್ಲದಿದ್ದರೆ ಬಂಧವಿಲ್ಲ ಎಂಬ ಶಾಸ್ತ್ರ ಇವರನ್ನು ಬಿಡುಗಡೆ ಮಾಡುತ್ತದೆ. ಅವರು ಆ ಬಿಡುಗಡೆಯನ್ನು ಕೇಳಲಿಲ್ಲ.

ಹಾಗಾದರೆ ಆ ದಿನಗಳಲ್ಲಿ ಹೊತ್ತವರ ಹಾಗೆ ಇಂದು ಹೊತ್ತೊಯ್ಯುವ ಪೈಲಟ್ ಈ ಲೆಕ್ಕದಲ್ಲಿ ಎಲ್ಲಿ ನಿಲ್ಲುತ್ತಾನೆ? ತತ್ತ್ವಾರ್ಥಸೂತ್ರ ಕೃತ್ಯವನ್ನು ಸಂರಂಭ, ಸಮಾರಂಭ, ಆರಂಭ ಎಂದು ಮೂರು ಮೆಟ್ಟಿಲಾಗಿ ಒಡೆಯುತ್ತದೆ: ಮಾಡುವ ನಿಶ್ಚಯ, ಸಾಧನಗಳ ಕೂಡಿಕೆ, ಕೃತ್ಯದ ತೊಡಗುವಿಕೆ. ಮದುವೆಮನೆಯ ಗದ್ದಲಕ್ಕೆ ಇಂದು ಬಳಸುವ ‘ಸಮಾರಂಭ’ ಶಬ್ದಕ್ಕೆ ಅಲ್ಲಿರುವುದು ಈ ಗಂಭೀರವಾದ ಅರ್ಥ. ಈ ಮೂರನ್ನು ಮನಸ್ಸು, ಮಾತು, ದೇಹಗಳೆಂಬ ಮೂರರಿಂದ, ತಾನೇ ಮಾಡಿದ, ಮಾಡಿಸಿದ, ಒಪ್ಪಿದ ಎಂಬ ಮೂರರಿಂದ, ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕರಿಂದ ಗುಣಿಸಿ 108 ಬಗೆಗಳನ್ನು ಹೇಳಲಾಗಿದೆ. ಗಾಳ ಹಿಡಿಯದ, ಮೀನು ಮುಟ್ಟದ ಪೈಲಟ್ ಆ 108ರ ಹೊರಗೆ ನಿಲ್ಲುವುದು ಸುಲಭವಲ್ಲ, ಏಕೆಂದರೆ ರಸ್ತೆಯಿಲ್ಲದ ನೀರಿಗೆ ಅತಿಥಿಯನ್ನು ಇಳಿಸುವ ಆ ಹಾರಾಟವೇ ಸಮಾರಂಭ. ಅದಿರು ಹೊತ್ತವರಿಗೆ ಮೂಟೆಯಲ್ಲಿ ಏನಿದೆಯೆಂದು ತಿಳಿದಿರಲಿಲ್ಲ, ಇವನಿಗೆ ತಿಳಿದಿದೆ. ಆದರೆ ಅದೇ ವಿಮಾನ ಇನ್ನೊಂದು ದಿನ ಔಷಧಿಯನ್ನೋ ರೋಗಿಯನ್ನೋ ಹೊತ್ತೀತು, ಆಗಲೂ ಅವನು ಮಾಡುವುದು ಅದೇ ಕೆಲಸ: ಬೆಳಿಗ್ಗೆ ಫ್ಲೋಟಿನ ಬೆಣೆಗಳನ್ನು ಒಂದೊಂದಾಗಿ ಕಿತ್ತು ನೀರೆತ್ತುವುದು, ಸರಕನ್ನು ತೂಗುವುದು, ಇಳಿಯುವ ಮೊದಲು ಒಂದು ಸುತ್ತು ಹಾರಿ ನೋಡುವುದು, ಗಾಳಿ ಬಿದ್ದುಹೋದ ಸಂಜೆಗಳಲ್ಲಿ ದಂಡೆಯ ಮರಗಳ ಸಾಲನ್ನು ಓರೆಗಣ್ಣಿನಲ್ಲಿ ಹಿಡಿದುಕೊಂಡು, ಕನ್ನಡಿಯಂಥ ನೀರು ಎಷ್ಟು ಕೆಳಗಿದೆಯೆಂದು ತಿಳಿಯದೆ, ಪಾದಕ್ಕೆ ಅದು ತಾಗುವವರೆಗೂ ಉಸಿರು ಬಿಗಿಹಿಡಿದು ಇಳಿಯುತ್ತಲೇ ಇರುವುದು.